ಗಂಡೋರಿಯ ಎರೆಹುಳು, ಅಘನಾಶಿನಿಯ ಹುಸಿಮೀನು

ನಮ್ಮ ಮಹಾಗಾಂವದಲ್ಲಿ ಗಾಳ ಹಾಕುವುದೆಂದರೆ ಮೊದಲು ಮಣ್ಣು ಕೆದರುವುದು. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೊರಟರೆ ಹೆದ್ದಾರಿಯಲ್ಲಿ ಮಹಾಗಾಂವ ಕ್ರಾಸ್ ಸಿಗುತ್ತದೆ. ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಕೆಂಬಾಳೆಗೆ ಹೆಸರಾದ ಕಮಲಾಪುರ. ಸುತ್ತ ತೊಗರಿ, ಜೋಳ, ಕಪ್ಪು ನೆಲ. ಇಲ್ಲಿಂದ ಸಮುದ್ರ ಐನೂರು ಕಿಲೋಮೀಟರ್ ದೂರದ ಮಾತು. ಆದರೆ ಬೆಳಕೋಟಾ ಹತ್ತಿರ ಗಂಡೋರಿ ನಾಲಾಕ್ಕೆ ಅಣೆಕಟ್ಟು ಕಟ್ಟಿದ ಮೇಲೆ ನಮ್ಮ ಕಡೆಯ ಹುಡುಗರಿಗೂ ಮೀನಿನ ಹುಚ್ಚು ಹಿಡಿದಿದೆ. ಬಚ್ಚಲ ನೀರು ಹರಿಯುವ ಜಾಗದಲ್ಲಿ ಸಲಿಕೆ ಹಾಕಿ ಎರೆಹುಳು ತೆಗೆಯುತ್ತಾರೆ. ಅದು ಸಿಗದಿದ್ದರೆ ಗೋಧಿ ಹಿಟ್ಟಿಗೆ ಬೆಲ್ಲ ಕಲಸಿ ಸಣ್ಣ ಉಂಡೆ ಕಟ್ಟುತ್ತಾರೆ. ನೀರಿನ ಮೇಲೆ ತೇಲುವ ಬೆಂಡಿಗೆ ಜೋಳದ ದಂಟಿನ ತುಂಡು ಇದ್ದೇ ಇದೆ. ಬೆಂಡು ಮುಳುಗಿತೆಂದರೆ ಕೋಲು ಎತ್ತುವುದು. ಇಷ್ಟೇ ನಮ್ಮ ವಿದ್ಯೆ.

ಮಾತಿಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಎರೆ ಎಂದರೆ ಹೊಲದ ಕಪ್ಪು ಮಣ್ಣು. ಮೀನು ಹಿಡಿಯುವವರ ಬಾಯಲ್ಲಿ ಎರೆ ಎಂದರೆ ಗಾಳಕ್ಕೆ ಚುಚ್ಚುವ ತಿನಿಸು. ದಸರಾ ರಜೆಗೆ ಕುಮಟಾಕ್ಕೆ ಹೊರಟಾಗ ನನ್ನ ಮೊಮ್ಮಗ, ಐದನೇ ಈಯತ್ತೆಯವನು, ಎರಡೂ ಎರೆಯನ್ನು ಒಂದೇ ಡಬ್ಬಿಯಲ್ಲಿ ತುಂಬಿಕೊಂಡಿದ್ದ: ಕೆಳಗೆ ಕಪ್ಪು ಮಣ್ಣು, ಅದರೊಳಗೆ ಹುಳು.

“ಮುತ್ಯಾ, ಸಮುದ್ರದಾಗಿನ ಮೀನ ಎರೆಹುಳ ತಿಂತಾವೇನ್?” ಎಂದು ಬಸ್ಸಿನಲ್ಲಿ ಕೇಳಿದ.

“ಅಲ್ಲಿ ಹೋಗಿ ಮೀನಿಗೇ ಕೇಳೋಣಂತ” ಎಂದೆ.

ನನ್ನ ಮಗಳಿಗೆ ಕುಮಟಾಕ್ಕೆ ವರ್ಗವಾಗಿ ಮೂರು ವರ್ಷವಾಯಿತು. ವಿಜಯಪುರ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಹುಡುಗ ಕಿಟಕಿ ಬಿಟ್ಟು ಕದಲಲಿಲ್ಲ. ಎರಡೂ ಕಡೆ ಕಾಡು, ತಿರುವಿನ ಮೇಲೆ ತಿರುವು. ಬಯಲಿನಲ್ಲಿ ಬೆಳೆದ ಕಣ್ಣಿಗೆ ಆಕಾಶ ಇಷ್ಟು ಚಿಕ್ಕದಾಗಬಹುದೆಂದು ಗೊತ್ತಿರುವುದಿಲ್ಲ. ಅಂಕೋಲಾ ಹತ್ತಿರ ಬರುವಾಗ ಗಾಳಿಯ ವಾಸನೆಯೇ ಬೇರೆಯಾಯಿತು. ಡಬ್ಬಿಯದಂತೂ ಹುಬ್ಬಳ್ಳಿಯಲ್ಲೇ ಬೇರೆಯಾಗಿತ್ತು.

ಕುಮಟಾದ ಮೊಮ್ಮಗಳು ಎಂಟನೇ ತರಗತಿ. ಅವಳಿಗೆ ಅಲ್ಲಿ ಹೊಸ ಹುಚ್ಚು: ಗಾಳಕ್ಕೆ ಹುಳುವೂ ಇಲ್ಲ, ಹಿಟ್ಟೂ ಇಲ್ಲ, ಮರ, ತಗಡು, ಪ್ಲಾಸ್ಟಿಕ್, ರಬ್ಬರಿನಲ್ಲಿ ಮಾಡಿದ ಸುಳ್ಳು ಮೀನು ಕಟ್ಟಿ ಎಸೆಯುವುದು. ಅಂಗಡಿಯವರು ಇದಕ್ಕೆ ಲೂರ್ ಎನ್ನುತ್ತಾರೆ. ನಾನು ಹುಸಿಮೀನು ಎಂದೆ. ಮನೆಯಲ್ಲಿ ಅದೇ ಹೆಸರು ನಿಂತಿತು. ಶಾಲೆಯ ಬಹುಮಾನದ ಹಣ, ಹಬ್ಬದ ಖರ್ಚಿಗೆ ಕೊಟ್ಟ ಹಣ ಎಲ್ಲ ಕೂಡಿಸಿ ಐದಾರು ಕೊಂಡಿದ್ದಳು. ಪೆಟ್ಟಿಗೆ ತೆಗೆದು ತೋರಿಸಿದಾಗ ನಮ್ಮವನ ಬಾಯಿ ತೆರೆದದ್ದು ತೆರೆದೇ ಇತ್ತು. “ಅಕ್ಕಾ, ಇದು ಖರೇ ಮೀನಿನಂಗೇ ಅದ! ಕಣ್ಣಸುದ್ದಾ ಅದ!”

ಮರುದಿನ ಬೆಳಿಗ್ಗೆ ತದಡಿಗೆ ಹೋದೆವು. ಗೋಕರ್ಣದ ಪಕ್ಕದ ಮೀನುಗಾರಿಕೆ ಬಂದರು ಅದು. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ ಬರುವ ಅಘನಾಶಿನಿ ಹೊಳೆ ಇಲ್ಲಿ ಸಮುದ್ರ ಸೇರುತ್ತದೆ. ಆಚೆ ದಡದಲ್ಲಿ ಅಘನಾಶಿನಿ ಎಂಬ ಹೆಸರಿನದೇ ಊರು, ದಾಟಲು ದೋಣಿ. ಈ ಹೊಳೆಯ ದಾರಿಯಲ್ಲಿ ದೊಡ್ಡ ಅಣೆಕಟ್ಟು ಎಲ್ಲೂ ಇಲ್ಲ. ಘಟ್ಟದ ಸಿಹಿನೀರು ತನ್ನ ಲೆಕ್ಕದಂತೆ ಇಳಿಯುತ್ತದೆ, ಸಮುದ್ರದ ಉಪ್ಪುನೀರು ತನ್ನ ಲೆಕ್ಕದಂತೆ ಏರುತ್ತದೆ. ಎರಡೂ ಕಲೆತ ಜಾಗವೇ ಅಳಿವೆ. ಈ ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುತ್ತಾರೆ. ಇಳಿತದಲ್ಲಿ ಹೆಂಗಸರು ಸೊಂಟದ ಮಟ್ಟದ ನೀರಿಗಿಳಿದು ಬಳಚು, ಅಂದರೆ ಚಿಪ್ಪುಮೀನು, ಆರಿಸುತ್ತಾರೆ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಗದಗಿನ ಮಾಗಡಿ ಕೆರೆಯೂ ಅದೇ ಸಲ ಸೇರಿದ್ದು. ಅಣೆಕಟ್ಟಿನ ನಿಂತ ನೀರು ನೋಡಿದ ನನಗೆ, ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುವ ಹೊಳೆ ನೋಡುವುದೇ ಒಂದು ಪ್ರವಾಸ.

ನಮ್ಮನ್ನು ಕರೆದೊಯ್ದ ದೋಣಿಯವರು ಸಿಗಡಿ, ಏಡಿ ಹಿಡಿದು ಜೀವನ ಮಾಡುವವರು. ಐವತ್ತರ ಹತ್ತಿರದ ವಯಸ್ಸು. ಮೊದಲು ಮಕ್ಕಳಿಗೆ ಲೈಫ್ ಜಾಕೆಟ್ ಕಟ್ಟಿದರು. ಹುಡುಗ ಡಬ್ಬಿ ಮುಂದೆ ಹಿಡಿದ. ಅವರು ಇಣುಕಿ ನೋಡಿ ನಗಲಿಲ್ಲ. “ಇದನ್ನೂ ತಿಂತವೆ ಮಗಾ, ಸಣ್ಣ ಮೀನು. ಆದರೆ ಕಚ್ಚಿ ಕಚ್ಚಿ ಖಾಲಿ ಮಾಡ್ತವೆ, ದೊಡ್ಡದು ಬರೋ ಹೊತ್ತಿಗೆ ಗಾಳ ಬೋಳು” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನಾನಾದರೆ ಜೀವ ಇರೋ ಸಿಗಡಿ ಹಾಕ್ತೆ. ಅದರಂಥ ಎರೆ ಇಲ್ಲ. ಆದರೆ ಅದು ದುಡ್ಡಿನ ಸಾಮಾನು ಅಜ್ಜಾ. ಈ ಪ್ಲಾಸ್ಟಿಕ್ ಮೀನು ಒಂದು ತಗೊಂಡ್ರೆ, ಕಳೀದಿದ್ರೆ, ವರ್ಷ ಬರ್ತದೆ” ಎಂದರು.

ಮೊಮ್ಮಗಳು ಪೆಟ್ಟಿಗೆ ತೆಗೆಯಲು ಹೋದಳು. “ತಂಗೀ, ಪೆಟ್ಟಿಗೆ ಆಮೇಲೆ. ಮೊದಲು ನೀರು ನೋಡುವಾ” ಎಂದು ಬೀಸುಬಲೆ ಎತ್ತಿಕೊಂಡರು. ಒಂದು ಸಲ ಬೀಸಿ ಎಳೆದಾಗ ಬಲೆಯಲ್ಲಿ ಬೆರಳುದ್ದದ ಬೆಳ್ಳಿ ಬಣ್ಣದ ಮೀನು ಹತ್ತಿಪ್ಪತ್ತು, ನಾಲ್ಕು ಸಿಗಡಿ. “ಇವತ್ತು ಇಲ್ಲಿ ಊಟ ಇದು. ನಿನ್ನ ಪೆಟ್ಟಿಗೆಯಲ್ಲಿ ಇದಕ್ಕೆ ಹೋಲೋದು ಯಾವುದು, ಅದನ್ನು ತೆಗಿ.”

ನನಗೆ ಆ ದಿನದ ಪಾಠವೆಲ್ಲ ಆ ಒಂದು ಬೀಸುಬಲೆಯಲ್ಲೇ ಇತ್ತೆನಿಸಿತು. ನಾವು ಹುಸಿಮೀನನ್ನು ಅಂಗಡಿಯಲ್ಲಿ ನಮ್ಮ ಕಣ್ಣಿಗೆ ಚೆಂದ ಕಂಡಂತೆ ಆರಿಸುತ್ತೇವೆ. ಕೊಳ್ಳುವವರು ನಾವು, ಕಚ್ಚಬೇಕಾದ್ದು ಮೀನು.

ಪೆಟ್ಟಿಗೆಯಲ್ಲಿ ಇದ್ದವು ಏನೇನು ಎಂದು ಹೇಳುತ್ತೇನೆ. ಮೊದಲನೆಯದು ಚಮಚ. ಹೌದು, ಹಿಡಿ ಮುರಿದ ಚಮಚದಂಥ ತಗಡಿನ ತುಂಡು, ಹೆಸರೂ ಸ್ಪೂನ್. ಎಳೆದರೆ ಹೊರಳಾಡುತ್ತ ಮಿಂಚುತ್ತದೆ. ತೂಕ ಇರುವುದರಿಂದ ಎದುರುಗಾಳಿಯಲ್ಲೂ ದೂರ ಹೋಗುತ್ತದೆ. ಎರಡನೆಯದು ಮಿನೋ: ಮೀನಿನದೇ ಆಕಾರ, ಗದ್ದದ ಕೆಳಗೆ ಪಾರದರ್ಶಕ ತುಟಿ. ಈ ತುಟಿಯೇ ಅದರ ಯಂತ್ರ. ಎಳೆದಾಗ ನೀರು ತುಟಿಗೆ ಬಡಿದು ಹುಸಿಮೀನನ್ನು ಕೆಳಗೆ ತಳ್ಳುತ್ತದೆ, ಬಾಲ ಅಲ್ಲಾಡಿಸುತ್ತದೆ. ತುಟಿ ಗಿಡ್ಡ ಇದ್ದು ನೆಟ್ಟಗೆ ಕೆಳಗೆ ಬಾಗಿದ್ದರೆ ಮೇಲೆ ಮೇಲೆ ಈಜುತ್ತದೆ. ಉದ್ದ ಇದ್ದು ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಇಳಿಯುತ್ತದೆ. ಎಳೆಯುವುದು ನಿಲ್ಲಿಸಿದರೆ ತೇಲುವ ಜಾತಿಯದು ಮೇಲೆ ಬರುತ್ತದೆ. ಮೂರನೆಯದು ಪಾಪರ್, ಮುಖ ಬಟ್ಟಲಿನಂತೆ ಕೊರೆದಿರುತ್ತದೆ. ಜಗ್ಗಿದರೆ ನೀರಿನ ಮೇಲೆ ‘ಬುಳಕ್’ ಎಂದು ಶಬ್ದ ಮಾಡಿ ನೀರು ಚಿಮ್ಮಿಸುತ್ತದೆ. ನಾಲ್ಕನೆಯದು ಜಿಗ್, ಸೀಸದ ಭಾರದ್ದು, ದೋಣಿಯ ಕೆಳಗೆ ನೇರ ಇಳಿಬಿಟ್ಟು ಕುಣಿಸುವುದು. ಇದು ಆಳ ಸಮುದ್ರಕ್ಕೆ ಸರಿ, ಅಳಿವೆಯ ಆಳವಿಲ್ಲದ ನೀರಿನಲ್ಲಿ ತಳಕ್ಕೆ ಹೋಗಿ ಬಂಡೆಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ರಬ್ಬರಿನ ಮೆತ್ತಗಿನ ಸಿಗಡಿ.

ಈ ಮಿನೋದ ಹಿಂದೆ ಒಂದು ಚೆಂದದ ಕತೆ ಇದೆ. ಫಿನ್ಲೆಂಡ್ ದೇಶದಲ್ಲಿ ಲೌರಿ ರಾಪಾಲಾ ಎಂಬ ಬಡ ಮೀನುಗಾರನಿದ್ದ. ದೊಡ್ಡ ಮೀನುಗಳು ಸಣ್ಣ ಮೀನಿನ ಹಿಂಡಿಗೆ ನುಗ್ಗಿದಾಗ ನೆಟ್ಟಗೆ ಈಜುವುದನ್ನು ಬಿಟ್ಟು, ಗಾಯಗೊಂಡು ವಾಲಾಡುತ್ತ ಈಜುವ ಮೀನನ್ನೇ ಹಿಡಿಯುವುದನ್ನು ಅವನು ಗಮನಿಸಿದ. 1936ರಲ್ಲಿ ಬೆಂಡಿನ ತುಂಡನ್ನು ಕೆತ್ತಿ ಹಾಗೆಯೇ ವಾಲಾಡುವ ಮೀನು ಮಾಡಿದ. ಹೊಳಪಿಗೆ ಚಾಕೊಲೇಟಿನ ತಗಡುಕಾಗದ ಸುತ್ತಿದ. ಮೇಲ್ಹೊದಿಕೆಗೆ ಹಳೆಯ ಫೋಟೊ ನೆಗೆಟಿವ್ ಕರಗಿಸಿ ಬಳಿದ. ಇಂದು ಅವನ ಹೆಸರಿನ ಹುಸಿಮೀನು ಪ್ರಪಂಚದ ತುಂಬ ಮಾರಾಟವಾಗುತ್ತದೆ. ಜೋಳದ ದಂಟಿನ ಬೆಂಡಿನಲ್ಲಿ ಬಂಡಿ, ಎತ್ತು ಮಾಡಿ ಆಡುವ ನಮ್ಮೂರ ಮಕ್ಕಳು ಇದನ್ನು ಓದಿದರೆ ಚಾಕು ಹುಡುಕಬಹುದು. ಚಾಕು ದೊಡ್ಡವರ ಕೈಯಲ್ಲಿರಲಿ.

ಎರೆಹುಳು ವಾಸನೆಯಿಂದ ಕರೆಯುತ್ತದೆ. ಮಿನೋಕ್ಕೆ, ಚಮಚಕ್ಕೆ ವಾಸನೆ ಇಲ್ಲ. ಅವು ಕರೆಯುವುದು ಅಲುಗಾಟದಿಂದ, ಮಿಂಚಿನಿಂದ, ಶಬ್ದದಿಂದ. ಮೀನಿನ ಮೈಯ ಎರಡೂ ಬದಿಗೆ ಕಿವಿರಿನಿಂದ ಬಾಲದವರೆಗೆ ಸಣ್ಣ ಗೆರೆ ಕಾಣುತ್ತದಲ್ಲ, ಅದು ಪಾರ್ಶ್ವರೇಖೆ. ನೀರಿನ ನಡುಕವನ್ನು ಮೀನು ಅದರಿಂದ ತಿಳಿಯುತ್ತದೆ. ಕದಡಿದ ನೀರಿನಲ್ಲಿ ಕಣ್ಣು ಸೋತರೂ ಆ ಗೆರೆ ಕೆಲಸ ಮಾಡುತ್ತದೆ. ಆದ್ದರಿಂದ ನೀರು ಮಣ್ಣಾಗಿದ್ದರೆ ಜೋರಾಗಿ ಅಲ್ಲಾಡುವ, ಒಳಗೆ ಗುಂಡು ಹಾಕಿ ಗಿಲಕಿಯಂತೆ ಸದ್ದು ಮಾಡುವ ಹುಸಿಮೀನು. ತಿಳಿಯಾಗಿದ್ದರೆ ಮೆಲ್ಲಗೆ ಈಜುವ, ನಿಜ ಬಣ್ಣಕ್ಕೆ ಹತ್ತಿರದ್ದು.

ಬಣ್ಣದ ಬಗ್ಗೆ ಅಂಗಡಿಗಳಲ್ಲಿ ಬಹಳ ಮಾತು ಕೇಳಬಹುದು. ನನ್ನ ಅನಿಸಿಕೆ, ಮೊದಲ ಸ್ಥಾನ ಗಾತ್ರಕ್ಕೆ ಮತ್ತು ಆಳಕ್ಕೆ ಇರಲಿ, ಬಣ್ಣಕ್ಕೆ ಆಮೇಲೆ. ನೀರಿನೊಳಗೆ ಇಳಿದಂತೆ ಮೊದಲು ಮಾಯವಾಗುವುದು ಕೆಂಪು. ಅಂಗಡಿಯ ದೀಪದಲ್ಲಿ ಝಗಝಗಿಸುವ ಕೆಂಪು ಮೀನು ಆಳದಲ್ಲಿ ಕಪ್ಪು ನೆರಳಷ್ಟೇ. ಇಬ್ಬೆಳಗಿನಲ್ಲಿ ಕಪ್ಪೇ ಒಳ್ಳೆಯದೆಂದು ದೋಣಿಯವರೂ ಹೇಳಿದರು. ಕೆಳಗಿನಿಂದ ಮೇಲೆ ನೋಡುವ ಮೀನಿಗೆ ಆಕಾಶದೆದುರು ಕಪ್ಪು ಆಕಾರ ಸ್ಪಷ್ಟ ಕಾಣುತ್ತದಂತೆ.

ಇನ್ನೊಂದು ಸಂಗತಿ ನಮ್ಮ ಕಡೆಯವರಿಗೆ ಹೊಸದು: ಉಪ್ಪು. ಹುಡುಗ ಕಲಬುರಗಿಯ ಬಜಾರಿನಿಂದ ತಂದ ಗಾಳಗಳನ್ನು ದೋಣಿಯವರು ಕೈಯಲ್ಲಿ ಹಿಡಿದು ಸುಮ್ಮನೆ ಬಗ್ಗಿಸಿದರು, ತಂತಿಯಂತೆ ನೆಟ್ಟಗಾಯಿತು. ಸಿಹಿನೀರಿನ ಸಣ್ಣ ಮೀನಿಗೆ ಅದು ಸಾಕು. ಸಮುದ್ರದ ಮೀನಿನ ಎಳೆತ ಬೇರೆ, ಮೇಲೆ ಉಪ್ಪುನೀರು ತಾಗಿದ ಸಾದಾ ಗಾಳ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ಉಪ್ಪುನೀರಿನ ಹುಸಿಮೀನು ಕೊಳ್ಳುವಾಗ ಮೈಯ ಬಣ್ಣಕ್ಕಿಂತ ಮೊದಲು ಹೊಟ್ಟೆಯ ಕೆಳಗಿನ ಗಾಳ, ಅದನ್ನು ಹಿಡಿದ ಉಂಗುರ ನೋಡಬೇಕು: ದಪ್ಪ ಇರಬೇಕು, ತುಕ್ಕು ತಡೆಯುವ ಲೇಪ ಇರಬೇಕು. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿಯೇ ಪೆಟ್ಟಿಗೆಗೆ ಹಾಕಬೇಕು. ತೂಕವೂ ಕೋಲಿಗೆ ಹೊಂದಬೇಕು. ಮೊಮ್ಮಗಳ ಕೋಲಿನ ಮೇಲೆ 10ರಿಂದ 30 ಗ್ರಾಂ ಎಂದು ಬರೆದಿತ್ತು. ಅದಕ್ಕಿಂತ ಹಗುರಾದುದು ದೂರ ಹಾರುವುದಿಲ್ಲ, ಭಾರದ್ದು ಕೋಲಿಗೇ ಕುತ್ತು.

ಅವಳು ಕೊನೆಗೆ ಆರಿಸಿದ್ದು ಬೆರಳುದ್ದದ, ಬೆಳ್ಳಿ ಹೊಟ್ಟೆ, ಹಸಿರು ಬೆನ್ನಿನ ತೇಲುವ ಮಿನೋ. ಅವಳ ಪ್ರೀತಿಯದು, ಬಹುಮಾನದ ಹಣದ್ದು. ದೋಣಿಯವರು ಕಟ್ಟುವ ಮೊದಲು ಎರಡು ಕೆಲಸ ಮಾಡಿದರು. ಇಕ್ಕಳದಿಂದ ಗಾಳದ ಒಳಮುಳ್ಳುಗಳನ್ನು ಒಂದೊಂದಾಗಿ ಒತ್ತಿ ಚಪ್ಪಟೆ ಮಾಡಿದರು. “ಮುಳ್ಳಿಲ್ಲದಿದ್ರೆ ಮೀನು ತಪ್ಪಿಸ್ಕೊಳ್ಳೂದಿಲ್ಲವಾ?” ಎಂದು ಅವಳು ಕೇಳಿದಳು. “ದಾರ ಬಿಗಿ ಇದ್ರೆ ತಪ್ಪೂದಿಲ್ಲ. ನಿನ್ನ ತಮ್ಮನ ಕಿವಿಗೆ ಚುಚ್ಚಿದ್ರೆ ತೆಗೀಲಿಕ್ಕೆ ಸುಲಭ” ಎಂದರು. ಹುಡುಗ ಕಿವಿ ಮುಚ್ಚಿಕೊಂಡು ದೋಣಿಯ ಆ ತುದಿಗೆ ಸರಿದ. ಎರಡನೆಯದು ಗಂಟು. ಮೂತಿಗೆ ಬಿಗಿದು ಕಟ್ಟದೆ ಸಣ್ಣ ಕುಣಿಕೆ ಬಿಟ್ಟು ಕಟ್ಟಿದರು, ಹುಸಿಮೀನು ತಲೆ ಆಡಿಸಲೆಂದು. ಕುಣಿಕೆಯಿಂದ ಮೇಲಕ್ಕೆ ಒಂದು ಮಾರು ದಪ್ಪ ತಂಗೂಸಿ, ಅಂದರೆ ನೈಲಾನ್ ದಾರ. ಯಾಕೆಂದರೆ ಈ ನೀರಿನ ರಾಜ ಕುರುಡೆ ಮೀನು, ಇಂಗ್ಲಿಷಿನವರ ಸೀ ಬಾಸ್. ಅದರ ಕಿವಿರಿನ ಮುಚ್ಚಳ ಬ್ಲೇಡಿನಂತೆ ಹರಿತ. ಹಾರಿ ತಲೆ ಕೊಡವಿದರೆ ತೆಳ್ಳಗಿನ ದಾರ ಕತ್ತರಿಸುತ್ತದೆ. ಕಟ್ಟಿದ ಮೇಲೆ ದೋಣಿಯ ಪಕ್ಕದಲ್ಲೇ ನೀರಿನಲ್ಲಿ ಎಳೆದು ನೋಡಿದರು. ಹುಸಿಮೀನು ಸೊಟ್ಟಗೆ ಹೋದರೆ ಮೂತಿಯ ಕೊಂಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ ಸರಿ ಮಾಡುತ್ತಾರೆ. ಇದು ನೆಟ್ಟಗೆ, ಕುಂಡಿ ಅಲ್ಲಾಡಿಸುತ್ತ ಹೋಯಿತು. ಹುಡುಗ ಬಿದ್ದು ಬಿದ್ದು ನಕ್ಕ.

ಸೀಗಿ ಹುಣ್ಣಿಮೆಯ ಮುನ್ನಾದಿನ ಅದು. ನಮ್ಮ ಹೊಲಗಳಲ್ಲಿ ಮರುದಿನ ಭೂಮಿತಾಯಿಯ ಪೂಜೆ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆ ಎಂದರೆ ದೊಡ್ಡ ಉಬ್ಬರ, ದೊಡ್ಡ ಇಳಿತ. ಬೆಳಿಗ್ಗೆ ಹತ್ತೂವರೆಗೆ ತುಂಬಿದ ನೀರು ಮಧ್ಯಾಹ್ನದಿಂದ ಜೋರಾಗಿ ಸಮುದ್ರಕ್ಕೆ ಎಳೆಯತೊಡಗಿತು. ಕಾಂಡ್ಲಾ ಗಿಡಗಳ ಬೇರಿನ ನಡುವೆ ಅಡಗಿದ್ದ ಸಿಗಡಿ, ಸಣ್ಣ ಮೀನು ನೀರಿನ ಜೊತೆ ಹೊರಬರಲೇಬೇಕು. ಸಣ್ಣ ತೋಡು ಹೊಳೆಗೆ ಸೇರುವ ಬಾಯಲ್ಲಿ ದೊಡ್ಡವು ಕಾದಿರುತ್ತವೆ. ದೋಣಿಯವರು ಅಂಥದೊಂದು ಬಾಯಿಯ ಎದುರು ಲಂಗರು ಹಾಕಿ, “ದೊಡ್ಡದು ಬಿದ್ರೆ ನನ್ನದು, ಸಣ್ಣದು ಬಿದ್ರೆ ಹೊಳೆಯದು. ಒಪ್ಪಿಗೆಯಾ?” ಎಂದರು. ಮಕ್ಕಳು ಒಪ್ಪಿದರು.

ಮೊದಲು ಬಂದದ್ದು ಅಂಗೈಯಷ್ಟು ಕೆಂಬೇರಿ, ಹೊಳೆಗೆ ಹೋಯಿತು. ಒಂದು ಗಂಟೆ ಏನೂ ಇಲ್ಲ. ಹುಡುಗ ತೂಕಡಿಸಿದ. ಆಮೇಲೆ ಒಂದು ಕುರುಡೆ, ಮೂರು ಕಿಲೋ ಇದ್ದೀತು. ಬೆಳ್ಳಿಯ ಮೈ, ಕೆಂಡದಂತೆ ಹೊಳೆಯುವ ಕಣ್ಣು. ದೋಣಿಯವರು ಅದನ್ನು ಮಂಜಿನ ಪೆಟ್ಟಿಗೆಗೆ ಹಾಕಿದರು. ಹುಡುಗನಿಗೆ ಸಿಟ್ಟು. “ಬಿಡ್ರಿ ಅದಕ್ಕ, ಪಾಪ!” ನಾನು ಸುಮ್ಮನಿದ್ದೆ. ನಮಗೆ ಅದು ರಜೆಯ ಆಟ, ಅವರಿಗೆ ಆ ದಿನದ ದುಡಿಮೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ. ಮಳೆಗಾಲದಲ್ಲಿ ಗಾಳಿ ಎದ್ದರೆ ಸಣ್ಣ ದೋಣಿಯೂ ಮನೆಯಲ್ಲೇ. ಆ ದಿನಗಳ ಅಕ್ಕಿಯೂ ಈ ಪೆಟ್ಟಿಗೆಯಿಂದಲೇ ಬರಬೇಕು.

ಇಳಿತ ಮುಗಿಯಲು ಅರ್ಧ ಗಂಟೆ ಇತ್ತು. ಮೊಮ್ಮಗಳು ಎಸೆದು, ಎರಡು ಸುತ್ತು ಎಳೆದು, ನಿಲ್ಲಿಸಿದಳು. ಮಿನೋ ಮೆಲ್ಲಗೆ ಮೇಲೆ ಬರುತ್ತಿತ್ತು. ಆಗ ‘ಟಪ್’ ಎಂದು ಬಾಗಿಲು ಹಾಕಿದಂಥ ಸದ್ದು. ಕೋಲು ಬಿಲ್ಲಾಯಿತು, ರೀಲ್ ಕಿರುಚಿತು. ದೋಣಿಯವರು ಅವಳ ಜಾಕೆಟ್ಟಿನ ಬೆನ್ನುಪಟ್ಟಿ ಹಿಡಿದುಕೊಂಡರು. ದೂರದಲ್ಲಿ ಮೀನು ನೀರಿನಿಂದ ಪೂರ್ತಿ ಮೇಲೆದ್ದು ತಲೆ ಕೊಡವಿತು. ನಮ್ಮ ಹುಡುಗನ ಅರ್ಧದಷ್ಟು ಉದ್ದ ಎಂದರೆ ಹೆಚ್ಚಾಗಲಿಕ್ಕಿಲ್ಲ.

“ತಾಯಿ ಮೀನು” ಎಂದರು ದೋಣಿಯವರು. ಅದು ಬರಿಯ ಗೌರವದ ಮಾತಲ್ಲ. ಕುರುಡೆ ಮೊದಲು ಗಂಡಾಗಿ ಬೆಳೆಯುತ್ತದೆ. ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಳಿವೆಯ ಬಾಯಿಯ ಉಪ್ಪುನೀರಿಗೆ ಹೋಗಿ ಲಕ್ಷ ಲಕ್ಷ ಮೊಟ್ಟೆ ಇಡುತ್ತದೆ. ಆದ್ದರಿಂದ ಬಹಳ ದೊಡ್ಡ ಕುರುಡೆ ಸಿಕ್ಕರೆ ಅದು ಹೆಣ್ಣೇ ಆಗಿರುವ ಸಾಧ್ಯತೆ ಹೆಚ್ಚು. ನಾನು ಅವರ ಮುಖ ನೋಡಿದೆ. ಒಪ್ಪಂದದ ಪ್ರಕಾರ ದೊಡ್ಡದು ಅವರದು, ಮಾರಿದರೆ ಸಾವಿರಾರು ರೂಪಾಯಿ. ಅವರು ಏನು ಮಾಡುತ್ತಿದ್ದರೋ, ಕೇಳುವ ಪ್ರಸಂಗ ಬರಲಿಲ್ಲ. ಮೀನು ಬಂಡೆಯ ಕಡೆ ತಿರುಗಿತು. ಬಂಡೆಗೆ ಅಂಟಿದ ಚಿಪ್ಪಿಗೆ ದಾರ ತಾಗಿ ಪಟ್ಟನೆ ಹರಿಯಿತು.

ಮೊಮ್ಮಗಳು ಅಳಲಿಲ್ಲ, ಆದರೆ ಗಂಟಲು ಕಟ್ಟಿತ್ತು. “ಮುತ್ಯಾ, ಅದರ ಬಾಯಾಗ ಗಾಳ ಇದ್ದರ ಅದು ಉಣ್ಣೂದು ಹ್ಯಾಂಗ?” ಎಂದಳು. ಮೂರು ವರ್ಷ ಕುಮಟಾದಲ್ಲಿದ್ದರೂ ದುಃಖಕ್ಕೆ ಮಹಾಗಾಂವದ ಮಾತೇ ಬಂತು. ದೋಣಿಯವರು ಉತ್ತರ ಕೊಡದೆ ನೀರಿನ ಮೇಲೆ ಕಣ್ಣಿಟ್ಟು ನಿಂತರು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಬೆರಳು ಚಾಚಿದರು. ಇಳಿತದ ನೀರಿನ ಜೊತೆ ಹಸಿರು ಬೆನ್ನಿನ ಪುಟ್ಟದೊಂದು ತೇಲಿ ಬರುತ್ತಿತ್ತು.

ಮುಳ್ಳಿಲ್ಲದ ಗಾಳ, ದಾರ ಸಡಿಲಾದ ಮೇಲೆ ಮೀನು ತಲೆ ಕೊಡವಿ ಉಗುಳಿತ್ತು. ತೇಲುವ ಜಾತಿಯದಾದ್ದರಿಂದ ಮೇಲೆ ಬಂದಿತ್ತು. ಮುಳುಗುವ ಹುಸಿಮೀನಾಗಿದ್ದರೆ ಹೊಳೆಯ ತಳದಲ್ಲಿ, ಬಳಚು ಆರಿಸುವ ಹೆಂಗಸರ ಕಾಲಿಗೆ ಕಾದು ಕೂರುತ್ತಿತ್ತು. ಹಿಂದಿನ ಗಾಳದ ಒಂದು ಕೊಂಬು ನೆಟ್ಟಗಾಗಿತ್ತು. ಬೆನ್ನಿನ ಹಸಿರು ಬಣ್ಣ ಉಪ್ಪುಕಾಗದದಿಂದ ಉಜ್ಜಿದಂತೆ ಕೆರೆದುಹೋಗಿತ್ತು.

ಹುಡುಗ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಗಂಡೋರಿಗೆ ಒಯ್ಯಬೇಕೆಂದ. ಅಲ್ಲಿಯ ಕೊರವ ಮೀನಿಗೆ ಇದಕ್ಕಿಂತ ರಬ್ಬರಿನ ಕಪ್ಪೆ ಒಳ್ಳೆಯದು, ಆಪಿನ ನಡುವೆ ಸಿಕ್ಕಿಕೊಳ್ಳದೆ ಜಿಗಿಯುತ್ತದೆ ಎಂದು ಅಕ್ಕ ಹೇಳಿದಳು. ಜಲಾಶಯದ ಮೀನು ಗುತ್ತಿಗೆಗೆ ಕೊಟ್ಟಿರುತ್ತಾರೆ, ಮೊದಲು ಅವರನ್ನು ಕೇಳು ಎಂದು ನಾನು ಸೇರಿಸಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ದೋಣಿ ತದಡಿಯ ಧಕ್ಕೆಗೆ ತಾಗುವವರೆಗೂ ಅವರ ಜಗಳ ಒಂದೇ: ನಾಳೆ ಇಳಿತ ಐವತ್ತು ನಿಮಿಷ ತಡ, ಅಷ್ಟು ಹೊತ್ತಿಗೆ ಬೆಳಕು ಇಳಿದಿರುತ್ತದೆ, ಕಟ್ಟಬೇಕಾದ್ದು ಬೆಳ್ಳಿಯದೋ ಕಪ್ಪೋ.